ಪತ್ರಿಕೆಗಳ ಸಹಾಯವಿಜ್ಞಾಪನೆ

ನಮ್ಮ ಆಲಂಕಾರಿಕರು ಕಾವ್ಯದ ಪ್ರಕಾರಗಳನ್ನು ಎಣಿಸುವಾಗ ಮಹಾಕಾವ್ಯದಿಂದ ಹಿಡಿದು ಒಂಟಿ ಮುಕ್ತಕದ ವರೆಗೆ ಯಾವದನ್ನೂ ಬಿಟ್ಟಿಲ್ಲ. ಅವರಲ್ಲಿ ಸ್ತೋತ್ರಕ್ಕೆ ಸ್ಥಳವುಂಟು, ಚಾಟುವಿಗೆ ಸ್ಥಳವುಂಟು, ನಿಂದೆಗೂ ಸ್ಥಳವುಂಟು. ಆ ಕಾಲದಲ್ಲಿ ಮುದ್ರಣಾಲಯಗಳಿರಲಿಲ್ಲವಾದ್ದರಿಂದ ಒಂದು ಪ್ರಕಾರವು ಮಾತ್ರ ಅವರ ಲೆಕ್ಕಕ್ಕೆ ಸಿಕ್ಕಲಿಲ್ಲ. ಪತ್ರಿಕೆಯ ಎರಡನೆಯ ಪುಟದಲ್ಲಿಯೋ ಕಡೆಯ ಪುಟದಲ್ಲಿಯೋ ಚೌಕಟ್ಟು ಹಾಕಿ, ‘ವಾಚಕರಲ್ಲಿ ವಿಜ್ಞಾಪನೆ’ ಎಂಬ ತಲೆಬರಹವನ್ನಿಟ್ಟು, ಸಂಪಾದಕನು ಹಣ ಬೇಡುವ ಬರಹವೇ ಅದು. ಅದನ್ನು ಕಣ್ಣಿನಿಂದ ಸವರಿ ಮುಂದಿನ ಪುಟಕ್ಕೆ ಹೋಗುವದು ಓದುವವರ ವಾಡಿಕೆ. ಆದರೆ ಪತ್ರಿಕೆಯ ಜೀವ ನಿಂತಿರುವದು ಅಲ್ಲಿಯೇ; ಮತ್ತು ಸಂಪಾದಕನ ಗುಣಾವಗುಣಗಳು ಅಗ್ರಲೇಖದಲ್ಲಿ ಮರೆಯಾದಾವು, ಬೇಡುವಾಗ ಮರೆಯಾಗಲಾರವು. ಆದ್ದರಿಂದ ಈ ಬರಹವನ್ನೂ ವಿಮರ್ಶೆಯ ಒರೆಗಲ್ಲಿಗೆ ಹಚ್ಚಿ ನೋಡಲು ಅಡ್ಡಿಯಿಲ್ಲ.

ನಾವು ವಿಚಾರಕ್ಕೆ ತೆಗೆದುಕೊಂಡದ್ದು ಎಡಪಂಥದವೆಂದು ಕರೆಯಿಸಿಕೊಳ್ಳುವ ರಾಜಕೀಯ ಪತ್ರಿಕೆಗಳನ್ನು. ಮಠದ ಪತ್ರಿಕೆಗೆ ಮಠವುಂಟು. ಜಾತಿಯ ಪತ್ರಿಕೆಗೆ ಆ ಸಮಾಜದ ಶ್ರೀಮಂತರುಂಟು. ದೊಡ್ಡ ದಿನಪತ್ರಿಕೆಗೆ ಸರಕಾರದ ಮತ್ತು ವ್ಯಾಪಾರಸ್ಥರ ಜಾಹೀರಾತುಗಳುಂಟು. ಸರಕಾರವನ್ನೂ ಸಾಹುಕಾರರನ್ನೂ ಒಟ್ಟಿಗೆ ಎದುರು ಹಾಕಿಕೊಳ್ಳುವದನ್ನೇ ತನ್ನ ಧರ್ಮವೆಂದು ತಿಳಿದ ಪತ್ರಿಕೆಗೆ ಓದುವವನ ಜೇಬಿನ ಹೊರತು ಬೇರೆ ದಿಕ್ಕಿಲ್ಲ. ವಿಜ್ಞಾಪನೆಯೆಂಬ ಪ್ರಕಾರವು ತನ್ನ ಪೂರ್ಣರೂಪದಲ್ಲಿ ಕಾಣಸಿಗುವದು ಅಲ್ಲಿಯೇ. ಈ ಲೇಖಕನು ಆ ಪಂಥದವನಲ್ಲವೆಂಬದನ್ನು ಮೊದಲಿಗೇ ಹೇಳಿಬಿಡುವದು ಲೇಸು. ಪಾಠಶಾಲೆಯಲ್ಲಿ ಕೌಮುದಿಯನ್ನು ಬಾಯಿಪಾಠ ಮಾಡಿ, ಮುಂದೆ ಮಕ್ಕಳಿಗೆ ಶಬ್ದರೂಪಗಳನ್ನು ಹೇಳಿಕೊಡುತ್ತ ಕೂದಲು ಬೆಳ್ಳಗೆ ಮಾಡಿಕೊಂಡವನು ಅವನು. ಅಂಥವರ ಬಗೆಗೆ ಆ ಪತ್ರಿಕೆಗಳಲ್ಲಿ ಬರುವ ಮಾತುಗಳು ಬಹಳ ಹಿತವಾಗಿರುವದಿಲ್ಲ. ಆದರೂ ಓದುತ್ತಾನೆ.

ಸಂಸ್ಕೃತದಲ್ಲಿ ‘ಅರ್ಥ’ವೆಂಬ ಒಂದೇ ಶಬ್ದವು ಮಾತಿನ ಅಭಿಪ್ರಾಯಕ್ಕೂ ಕೈಯಲ್ಲಿಯ ಹಣಕ್ಕೂ ಸಲ್ಲುವದು. ಕವಿಗಳು ಇದರಿಂದ ಶ್ಲೇಷಗಳನ್ನು ಕಟ್ಟಿ ವಿನೋದಪಟ್ಟರು. ಪತ್ರಿಕೆಯ ವಿಷಯದಲ್ಲಿ ಇದು ವಿನೋದವಾಗಿ ಉಳಿಯುವದಿಲ್ಲ. ದಿನಪತ್ರಿಕೆಗೆ ನಾವು ಬೆಳಿಗ್ಗೆ ಕೊಡುವ ಕೆಲವು ರೂಪಾಯಿಗಳಲ್ಲಿ ಅದರ ಕಾಗದ, ಮಸಿ, ಅಚ್ಚು, ಸಾಗಾಣಿಕೆ, ಏಜಂಟರ ಕಮಿಶನ್ ಇವೆಲ್ಲ ಹುಟ್ಟುವದಿಲ್ಲವೆಂಬದು ಯಾರಿಗೂ ಗೊತ್ತಿದ್ದ ಮಾತು. ಉಳಿದದ್ದನ್ನು ಜಾಹೀರಾತು ಕೊಟ್ಟವನು ತುಂಬುತ್ತಾನೆ. ಹಾಗಾದರೆ ನಿಜವಾದ ವರ್ಗಣಿದಾರನು ಅವನೇ. ನಾವು ಅವನ ಖರ್ಚಿನಲ್ಲಿ ಓದುವ ಅತಿಥಿಗಳು. ಅತಿಥಿಯು ಅಡಿಗೆಯನ್ನು ಹಳಿಯಬಾರದೆಂಬ ಮರ್ಯಾದೆಯನ್ನು ನಾವೆಲ್ಲರೂ ಪಾಲಿಸುತ್ತಲೂ ಇದ್ದೇವೆ.

ಈ ಮರ್ಯಾದೆಯನ್ನು ಮುರಿದ ದೊಡ್ಡ ಉದಾಹರಣೆ ಕನ್ನಡದಲ್ಲಿ ಪಿ. ಲಂಕೇಶರು ೧೯೮೦ರ ಜುಲೈ ತಿಂಗಳಲ್ಲಿ ಬೆಂಗಳೂರಿನಿಂದ ಹೊರಡಿಸಿದ ‘ಲಂಕೇಶ್ ಪತ್ರಿಕೆ’. ಅದನ್ನು ಎಡಪಂಥದ ಲೆಕ್ಕದಲ್ಲಿ ಹಿಡಿಯಬಹುದೇ ಎಂದು ಕೆಲವರು ಕೇಳಿಯಾರು. ಲಂಕೇಶರು ಲೋಹಿಯಾ ಅವರ ಸಮಾಜವಾದದ ನೆರಳಿನಲ್ಲಿ ಬೆಳೆದವರು. ಕೆಂಪು ನಿಶಾನೆಯವರನ್ನೂ ಬಿಡದೆ ಟೀಕಿಸಿದವರು. ಆದರೆ ಅಧಿಕಾರದಲ್ಲಿದ್ದವರನ್ನು ಕೆಳಗಿನಿಂದ ನೋಡಿ ಬರೆಯುವದು ಎಡಪಂಥವಾದರೆ ಅದಕ್ಕಿಂತ ಹೆಚ್ಚಿನ ಎಡಪಂಥದ ಪತ್ರಿಕೆ ಕನ್ನಡ ನಾಡಿನಲ್ಲಿ ಆ ವರೆಗೆ ಅಷ್ಟು ಜನರ ಕೈಗೆ ಹೋಗಿರಲಿಲ್ಲ. ಅದು ಜಾಹೀರಾತುಗಳನ್ನು ಹಾಕಲಿಲ್ಲ. ವಾರವಾರಕ್ಕೆ ಕೊಳ್ಳುವವನು ಕೊಟ್ಟ ಬೆಲೆಯಿಂದಲೇ ನಡೆಯಿತು. ನಮ್ಮ ಮೂರೂ ಊರುಗಳ ಬಸ್ ನಿಲ್ದಾಣಗಳಲ್ಲಿ ಸುತಳಿಗೆ ಜೋತುಬಿದ್ದ ಅದರ ಸಂಚಿಕೆಗಳನ್ನು ನಮ್ಮ ಪ್ರಾಯದವರು ಮರೆತಿರಲಾರರು.

ಇಲ್ಲಿ ವಿಮರ್ಶಕನು ಸ್ವಲ್ಪ ನಿಲ್ಲಬೇಕು. ಲಂಕೇಶರ ಸಹಾಯವಿಜ್ಞಾಪನೆ ಎಲ್ಲಿತ್ತು? ಪತ್ರಿಕೆಯ ಬೆಲೆಯೇ ಅವರ ವಿಜ್ಞಾಪನೆಯಾಗಿತ್ತೆಂದು ನಮ್ಮ ಅಭಿಪ್ರಾಯ. ರಾಜಕಾರಣಕ್ಕಾಗಿ ಅದನ್ನು ಕೊಂಡವರಿದ್ದರು, ಕತೆಗಾಗಿ ಕೊಂಡವರಿದ್ದರು, ‘ನೀಲು’ ಎಂಬ ಹೆಸರಿನ ನಾಲ್ಕು ಸಾಲುಗಳ ಪದ್ಯಕ್ಕಾಗಿಯೇ ಕೊಂಡ ಕಾಲೇಜು ಹುಡುಗರಿದ್ದರು, ಯಾರ ಮಾನ ಹೋಯಿತೆಂದು ನೋಡಲಿಕ್ಕೆ ಕೊಂಡವರು ಎಲ್ಲರಿಗಿಂತ ಹೆಚ್ಚಾಗಿದ್ದರು. ಇವರೆಲ್ಲರೂ ಸೇರಿ, ಯಾವ ಉಪಕಾರಭಾವವೂ ಇಲ್ಲದೆ, ಒಂದು ವಿರೋಧದ ಪತ್ರಿಕೆಯನ್ನು ಹೊತ್ತರು. ಕಾಸರಗೋಡಿನ ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿಯು ಧಾರಾವಾಹಿಯಾಗಿ ಬಂದದ್ದು ಅದರಲ್ಲಿಯೇ. ೨೦೨೫ರಲ್ಲಿ ಅಂತರರಾಷ್ಟ್ರೀಯ ಬುಕರ್ ಪ್ರಶಸ್ತಿಯನ್ನು ಪಡೆದ ಹಾಸನದ ಬಾನು ಮುಷ್ತಾಕ್ ಅವರು ಒಂದು ಕಾಲಕ್ಕೆ ಅದೇ ಪತ್ರಿಕೆಗೆ ವರದಿಗಳನ್ನು ಬರೆದವರು. ಹಾವೇರಿಯ ಸಂತೆಗೆ ಬಂದ ಒಬ್ಬ ರೈತನು ಚಹ ಬಿಟ್ಟು ಕೊಂಡ ಒಂದು ಪ್ರತಿಯ ದುಡ್ಡು ಎಲ್ಲೆಲ್ಲಿಗೆ ಹೋಗಿ ಮುಟ್ಟಿತೆಂಬದನ್ನು ಇದರಿಂದ ಊಹಿಸಬಹುದು. ದೋಷಗಳೂ ಇದ್ದವು. ಸುದ್ದಿಯ ರುಚಿಗಾಗಿ ವ್ಯಕ್ತಿಯ ಮನೆಯೊಳಗೆ ಇಣುಕುವ ಚಾಳಿಯನ್ನು ಆ ಪತ್ರಿಕೆಯು ಕನ್ನಡಕ್ಕೆ ಹಚ್ಚಿತು. ಅದನ್ನು ಅನುಕರಿಸಿದ ಎಷ್ಟೋ ಪತ್ರಿಕೆಗಳು ಇಣುಕುವದನ್ನಷ್ಟೇ ಕಲಿತವು, ಬರೆಯುವದನ್ನು ಕಲಿಯಲಿಲ್ಲ.

೨೦೦೦ದ ಜನವರಿಯಲ್ಲಿ ಲಂಕೇಶರು ತೀರಿಕೊಂಡರು. ಸಂಪಾದಕತ್ವವನ್ನು ವಹಿಸಿಕೊಂಡ ಮಗಳು ಗೌರಿ ಅವರು ೨೦೦೫ರಲ್ಲಿ ಬೇರೆಯಾಗಿ ‘ಗೌರಿ ಲಂಕೇಶ್ ಪತ್ರಿಕೆ’ಯನ್ನು ಹೊರಡಿಸಿದರು. ಜಾಹೀರಾತು ಹಾಕದ ತಂದೆಯ ನಿಯಮವನ್ನು ಇಟ್ಟುಕೊಂಡರು. ಆದರೆ ತಂದೆಗೆ ದೊರೆತ ಕಾಲ ಅವರಿಗೆ ದೊರೆಯಲಿಲ್ಲ. ವಾಹಿನಿಗಳು ಬಂದಿದ್ದವು, ಅಂಗೈಯಲ್ಲಿ ಪುಕ್ಕಟೆ ಸುದ್ದಿ ಬರತೊಡಗಿತ್ತು. ಕತೆಗಾಗಿಯೂ ಕುತೂಹಲಕ್ಕಾಗಿಯೂ ಕೊಳ್ಳುತ್ತಿದ್ದವರು ಅತ್ತ ಹೋದರು, ಮತಕ್ಕಾಗಿ ಕೊಳ್ಳುವವರು ಮಾತ್ರ ಇತ್ತ ಉಳಿದರು. ಬೇರೆ ಪ್ರಕಟಣೆಗಳ ಆದಾಯದಿಂದ ಪತ್ರಿಕೆಯ ಹೊಂಡವನ್ನು ತುಂಬಬೇಕಾಯಿತು. ಇದರ ಮೇಲೆ ನ್ಯಾಯಾಲಯದ ಖರ್ಚು ಬೇರೆ. ೨೦೧೬ರ ನವೆಂಬರದಲ್ಲಿ ಹುಬ್ಬಳ್ಳಿಯ ನ್ಯಾಯಾಲಯವು ೨೦೦೮ರ ಒಂದು ಲೇಖನದ ಬಗೆಗೆ ಮಾನಹಾನಿಯ ಮೊಕದ್ದಮೆಯಲ್ಲಿ ಅವರಿಗೆ ಆರು ತಿಂಗಳ ಶಿಕ್ಷೆಯನ್ನು ವಿಧಿಸಿತ್ತು, ಜಾಮೀನು ದೊರೆಯಿತು. ಬೆಂಗಳೂರಿನಿಂದ ಹುಬ್ಬಳ್ಳಿಗೆ ವಾಯಿದೆಗೊಮ್ಮೆ ಬಂದು ಹೋಗುವ ವೆಚ್ಚವನ್ನು ಯಾವ ಸಂಪಾದಕನೂ ಅಂದಾಜುಪತ್ರಿಕೆಯಲ್ಲಿ ಬರೆದಿಟ್ಟುಕೊಂಡಿರುವದಿಲ್ಲ. ೨೦೧೭ರ ಸಪ್ಟೆಂಬರ ೫ರ ರಾತ್ರಿ ಅವರನ್ನು ಮನೆಯ ಬಾಗಿಲಲ್ಲಿ ಗುಂಡಿಕ್ಕಿ ಕೊಂದರು. ಮರುವರ್ಷ ಅವರ ಒಡನಾಡಿಗಳು ‘ನ್ಯಾಯಪಥ’ವೆಂಬ ವಾರಪತ್ರಿಕೆಯನ್ನು ಕೈಕೊಂಡರು. ಇದ್ದಾಗ ವರ್ಗಣಿ ಕೊಡದವರು ಹೋದ ಮೇಲೆ ಕಣ್ಣೀರು ಕೊಟ್ಟರೆಂಬದು ಕಟುವಾದ ಮಾತು, ಆದರೆ ಸುಳ್ಳಲ್ಲ.

ಓದುವವನ ಮನೆಯ ಬಾಗಿಲಿಗೆ ಹೋಗುವ ಈ ವಿದ್ಯೆಯು ನಮ್ಮ ಜಿಲ್ಲೆಗೆ ಹೊಸದಲ್ಲ. ವರದಾ ತುಂಗಭದ್ರೆಗಳು ಕೂಡುವ ಗಳಗನಾಥದ ವೆಂಕಟೇಶ ತಿರಕೋ ಕುಲಕರ್ಣಿಯವರು, ಅಂದರೆ ಕಾದಂಬರಿಕಾರ ಗಳಗನಾಥರು, ೧೯೦೭ರಲ್ಲಿ ಹಾವೇರಿಯ ಹತ್ತಿರದ ಅಗಡಿಯ ಆನಂದವನದಿಂದ ಹೊರಟ ‘ಸದ್ಬೋಧಚಂದ್ರಿಕೆ’ಯ ಸಂಪಾದಕರಾಗಿದ್ದರು. ಆ ಪತ್ರಿಕೆಗೂ ಎಡಪಂಥಕ್ಕೂ ಏನೇನೂ ಸಂಬಂಧವಿಲ್ಲ. ಅದು ಭಕ್ತಿಯ, ನೀತಿಯ ಪತ್ರಿಕೆ. ಆದರೆ ಗಳಗನಾಥರು ತಮ್ಮ ಪುಸ್ತಕಗಳ ಗಂಟನ್ನು ಹೊತ್ತು ಊರಿಂದೂರಿಗೆ ನಡೆದು ಮಾರಿದ ಸಂಗತಿಯನ್ನು ನಮ್ಮ ಹಿರಿಯರು ಹೇಳುತ್ತಿದ್ದರು. ಗಮನಿಸಬೇಕಾದದ್ದೇನೆಂದರೆ ಅವರು ಬರಿಗೈಯಿಂದ ಯಾರ ಪಡಸಾಲೆಗೂ ಹೋಗಲಿಲ್ಲ. ಕೈಯಲ್ಲಿ ಕಾದಂಬರಿಯಿತ್ತು, ಕೊಟ್ಟವನು ಓದಲಿಕ್ಕೆ ಏನನ್ನೋ ಪಡೆದನು. ಮಾಸ್ತರರಾಗಿದ್ದ ಅವರಿಗೆ ದಾನಕ್ಕೂ ವಿಕ್ರಯಕ್ಕೂ ಇರುವ ಭೇದವು ಚೆನ್ನಾಗಿ ಗೊತ್ತಿತ್ತು. ಇಂದಿನ ಎಡಪಂಥದ ಸಂಪಾದಕರು, ನಗಬಾರದು, ಅಗಡಿಯ ಕಡೆಗೆ ಒಮ್ಮೆ ನೋಡುವದು ಹಿತ.

ಅವರು ನೋಡುವದು ರಶಿಯಾದ ಕಡೆಗೆ. ಅಲ್ಲಿಯೂ ಕಲಿಯತಕ್ಕದ್ದು ಬಹಳವಿದೆ. ೧೯೧೨ರಲ್ಲಿ ‘ಪ್ರಾವ್ದಾ’ ದಿನಪತ್ರಿಕೆಯು ಹುಟ್ಟಿದಾಗ ಲೆನಿನ್ನನು ಅದರ ವಂತಿಗೆಯ ಪಟ್ಟಿಯನ್ನು ಎದುರಿಗಿಟ್ಟುಕೊಂಡು ಒಂದು ಲೇಖನವನ್ನೇ ಬರೆದನು. ಆ ವರುಷದ ಮೊದಲ ಆರು ತಿಂಗಳಲ್ಲಿ ಕಾರ್ಮಿಕರ ಗುಂಪುಗಳು ಕೂಡಿಸಿ ಕಳಿಸಿದ ವಂತಿಗೆಗಳ ಸಂಖ್ಯೆ ೫೦೪. ಜನವರಿಯಲ್ಲಿ ೧೪ ಇದ್ದದ್ದು ಎಪ್ರಿಲದಲ್ಲಿ ೨೨೭ಕ್ಕೆ ಏರಿತೆಂದು ಅವನು ತಿಂಗಳುವಾರು ಎಣಿಸುತ್ತಾನೆ. ಅವನು ಎಣಿಸಿದ್ದು ರೂಬಲ್ಲುಗಳನ್ನಲ್ಲ, ಗುಂಪುಗಳನ್ನು. ವಿಮರ್ಶಕನ ಕಣ್ಣು ನಿಲ್ಲಬೇಕಾದದ್ದು ಇಲ್ಲಿಯೇ. ಒಬ್ಬ ಧನಿಕ ಸ್ನೇಹಿತನು ಕೊಟ್ಟ ದೊಡ್ಡ ಮೊತ್ತಕ್ಕಿಂತ ನೂರು ಜನ ಕೊಟ್ಟ ಕೊಪೆಕ್ಕುಗಳಿಗೆ ಅವನು ಬೆಲೆ ಕಟ್ಟಿದನು. ಪತ್ರಿಕೆಗೆ ಹಣದೊಡನೆ ಓದುವವನೂ ಬಂದನೆಂಬದು ಅವನ ಎಣಿಕೆ. ಆ ಮನುಷ್ಯನ ಮಿಕ್ಕ ಕಾರ್ಯಗಳ ಬಗೆಗೆ ನಮ್ಮ ಅಭಿಪ್ರಾಯವು ಏನೇ ಇರಲಿ, ಲೆಕ್ಕ ಓದುವ ಅವನ ಬಗೆಯು ಮೆಚ್ಚತಕ್ಕದ್ದು.

ನಮ್ಮ ನೆರೆಯ ಮಲೆಯಾಳದಲ್ಲಿ ‘ದೇಶಾಭಿಮಾನಿ’ಯು ೧೯೪೨ರಲ್ಲಿ ಕೋಳಿಕೋಡಿನಿಂದ ವಾರಪತ್ರಿಕೆಯಾಗಿ ಹೊರಟು ೧೯೪೬ರಲ್ಲಿ ದಿನಪತ್ರಿಕೆಯಾಯಿತು. ಇ. ಎಂ. ಎಸ್. ನಂಬೂದಿರಿಪಾಡರು ತಮ್ಮ ಪಾಲಿನ ಆಸ್ತಿಯನ್ನು ಮಾರಿ ಬಂದ ಹಣವನ್ನು ಪಕ್ಷಕ್ಕೆ ಒಪ್ಪಿಸಿದ್ದರು. ಆದರೆ ಮಲೆಯಾಳದವರು ಇಂದಿಗೂ ಹೆಚ್ಚಾಗಿ ಹೇಳುವದು ಪಾಲೋರ ಮಾತೆಯೆಂಬ ಬಡ ಮುದುಕಿಯ ಕತೆಯನ್ನು. ಪತ್ರಿಕೆಯ ನಿಧಿಗೆ ಕೊಡಲು ಬೇರೇನೂ ಇಲ್ಲದ ಅವಳು ತನ್ನ ಆಕಳ ಕರುವನ್ನೇ ಹೊಡೆದುಕೊಂಡು ಬಂದು ಕೊಟ್ಟಳಂತೆ. ನಂಬೂದಿರಿಯ ಆಸ್ತಿ ದೊಡ್ಡದು, ಕರು ಸಣ್ಣದು. ಕತೆಯಾಗಿ ಉಳಿದದ್ದು ಕರು. ದಾನವೀರವೆಂಬದನ್ನು ನಮ್ಮವರು ವೀರರಸದ ಒಂದು ಭೇದವೆಂದು ಎಣಿಸಿದ್ದಾರೆ. ಅದರ ಆಲಂಬನವು ಕರ್ಣನೇ ಆಗಿರಬೇಕೆಂಬ ನಿಯಮವಿಲ್ಲ.

ಇನ್ನು ವಿಜ್ಞಾಪನೆಗಳ ಶೈಲಿಗೆ ಬರೋಣ. ಮಮ್ಮಟನು ‘ಕಾವ್ಯಪ್ರಕಾಶ’ದಲ್ಲಿ ಉಪದೇಶದ ಮೂರು ಬಗೆಗಳನ್ನು ಹೇಳಿರುವನು. ವೇದವು ಒಡೆಯನಂತೆ ಆಜ್ಞಾಪಿಸುತ್ತದೆ. ಪುರಾಣವು ಗೆಳೆಯನಂತೆ ತಿಳಿಹೇಳುತ್ತದೆ. ಕಾವ್ಯವು ಕಾಂತೆಯಂತೆ ಒಲಿಸಿಕೊಳ್ಳುತ್ತದೆ. ಎಡಪಂಥದ ಪತ್ರಿಕೆಗಳ ವಿಜ್ಞಾಪನೆಗಳನ್ನು ಕೆಲವು ವರುಷಗಳಿಂದ ನೋಡುತ್ತ ಬಂದ ನಮಗೆ, ವೇದಪ್ರಾಮಾಣ್ಯವನ್ನು ಒಪ್ಪದ ಈ ಮಹನೀಯರು ಹಣ ಕೇಳುವಾಗ ಮಾತ್ರ ವೇದದ ರೀತಿಯನ್ನೇ ಹಿಡಿಯುವದು ವಿಚಿತ್ರವಾಗಿ ತೋರಿದೆ. ಕೊಡುವದು ಚರಿತ್ರೆಯ ಆಜ್ಞೆ, ಕೊಡದವನು ಪ್ರತಿಗಾಮಿ, ಪ್ರಜಾಪ್ರಭುತ್ವವು ಈ ತಿಂಗಳ ವರ್ಗಣಿಯ ಮೇಲೆ ನಿಂತಿದೆ. ರಾಣೇಬೆನ್ನೂರಿನಲ್ಲಿ ಬೀಜದ ಅಂಗಡಿಯ ಗುಮಾಸ್ತನಾಗಿರುವ ಗೃಹಸ್ಥನು ಇದನ್ನು ಓದಿ, ಪ್ರಜಾಪ್ರಭುತ್ವದ ಭಾರವು ತನ್ನೊಬ್ಬನ ತಲೆಯ ಮೇಲೆಯೇ ಬಂತೇ ಎಂದು ಗಾಬರಿಯಾಗಿ ಪತ್ರಿಕೆಯನ್ನು ಮಡಿಚಿಡುತ್ತಾನೆ.

ಅತಿಶಯೋಕ್ತಿಯು ಇನ್ನೊಂದು ರೋಗ. ಇದೇ ಕೊನೆಯ ಸಂಚಿಕೆಯಾದೀತೆಂದು ಒಮ್ಮೆ ಬರೆದರೆ ಎದೆ ನಡುಗುವದು. ಪ್ರತಿ ತಿಂಗಳೂ ಬರೆದರೆ ಅದು ಪಂಚಾಂಗದ ಮಳೆಯಾಗುವದು. ಕರುಣರಸವನ್ನು ಅತಿಯಾಗಿ ಎರೆಯುವವರೂ ಇದ್ದಾರೆ. ಹಸಿದ ಸಂಪಾದಕ, ಆರಿದ ಒಲೆ, ಒತ್ತೆಯಿಟ್ಟ ಬಂಗಾರ. ಇವೆಲ್ಲ ನಿಜವಿರಬಹುದು. ಆದರೆ ಹೊಲದಲ್ಲಿ ಹಸಿದವರ ಬಗೆಗೆ ಬರೆಯಬೇಕಾದ ಪತ್ರಿಕೆಯು ತನ್ನ ಹಸಿವನ್ನೇ ಮುಂದೆ ಮಾಡಿದರೆ ರಸಾಭಾಸವಾಗುವದು. ಕ್ಷೇಮೇಂದ್ರನು ಔಚಿತ್ಯವೇ ಕಾವ್ಯದ ಜೀವವೆಂದು ಸಾಧಿಸುವಾಗ, ಸೊಂಟದ ಡಾಬನ್ನು ಕೊರಳಿಗೆ ತೊಟ್ಟರೆ ನಗೆಗೀಡೆಂದು ತೋರಿಸಿದ್ದು ಇಂಥ ಸಂದರ್ಭಕ್ಕೂ ಸಲ್ಲುವದು. ಭಾಷೆಯ ಮಾತಂತೂ ಬೇಡ. ಇಂಗ್ಲಿಷಿನಿಂದ ಹೊತ್ತು ತಂದ ಸಮಾಸಗಳು ಎಷ್ಟು ಉದ್ದವಾಗಿರುವವೆಂದರೆ ಬಾಣಭಟ್ಟನಿಗೂ ದಣಿವಾದೀತು. ಕೂಲಿಕಾರನ ಹೆಸರಿನಲ್ಲಿ ಹೊರಡುವ ಪತ್ರಿಕೆಯ ಬೇಡಿಕೆಯು ಕೂಲಿಕಾರನಿಗೆ ತಿಳಿಯುವದಿಲ್ಲ.

ಬೇಡುವ ಬರಹಕ್ಕೆ ತಕ್ಕದ್ದು ಗೆಳೆಯನ ರೀತಿ. ಗೆಳೆಯನು ಸಾಲ ಕೇಳುವಾಗ ಏನು ಮಾಡುತ್ತಾನೆ? ಎಷ್ಟು ಬೇಕು, ಯಾತಕ್ಕೆ ಬೇಕು, ಈಗ ಕೈಯಲ್ಲಿ ಎಷ್ಟಿದೆ ಎಂಬದನ್ನು ಹೇಳುತ್ತಾನೆ. ನಾವು ನೋಡಿದ ವಿಜ್ಞಾಪನೆಗಳಲ್ಲಿ ಬಹುತೇಕದವು ಇಷ್ಟನ್ನೇ ಹೇಳದೆ ಉಳಿದೆಲ್ಲವನ್ನೂ ಹೇಳುತ್ತವೆ. ಎಷ್ಟು ಪ್ರತಿಗಳು ಅಚ್ಚಾದವು, ಎಷ್ಟು ಮರಳಿ ಬಂದವು, ಮುದ್ರಕನಿಗೆ ಕೊಡಬೇಕಾದದ್ದೆಷ್ಟು, ಕಳೆದ ಸಾರೆ ಕೊಟ್ಟವರ ಹಣ ಏನಾಯಿತು ಎಂಬದಕ್ಕೆ ಚೌಕಟ್ಟಿನಲ್ಲಿ ಜಾಗವಿರುವದಿಲ್ಲ. ವೃತ್ತಪತ್ರಿಕೆಗಳ ನೋಂದಣಿಯ ೧೯೫೬ರ ನಿಯಮಗಳಂತೆ ಪತ್ರಿಕೆಗಳು ವರುಷಕ್ಕೊಮ್ಮೆ, ಫೆಬ್ರುವರಿ ಮುಗಿದ ಮೇಲಿನ ಸಂಚಿಕೆಯಲ್ಲಿ, ಒಡೆಯನ ಮತ್ತು ಬಂಡವಾಳದಲ್ಲಿ ನೂರಕ್ಕೆ ಒಂದಕ್ಕಿಂತ ಹೆಚ್ಚು ಪಾಲಿದ್ದವರ ಹೆಸರುಗಳನ್ನು ಅಚ್ಚು ಹಾಕಬೇಕಾಗಿತ್ತು. ಅದು ಸರಕಾರಕ್ಕೆ ಕೊಡುವ ಲೆಕ್ಕ. ವರ್ಗಣಿ ಕೊಟ್ಟವನಿಗೆ ಕೊಡುವ ಲೆಕ್ಕವನ್ನು ಯಾವ ನಿಯಮವೂ ಕೇಳಿಲ್ಲವಾದ್ದರಿಂದ ಅದನ್ನು ತಾನಾಗಿ ಕೊಡುವವನ ಮಾತಿಗೆ ತೂಕವು ಹೆಚ್ಚು.

ಈ ಪ್ರಶ್ನೆಯನ್ನು ಗಾಂಧೀಜಿಯವರು ಎತ್ತಿದ್ದರು. ೧೯೪೪ರ ಮೇ ತಿಂಗಳಲ್ಲಿ ಬಂಧನದಿಂದ ಹೊರಗೆ ಬಂದ ಅವರು ಮುಂದಿನ ತಿಂಗಳಲ್ಲಿಯೇ ಕಮ್ಯುನಿಸ್ಟ್ ಪಕ್ಷದ ಕಾರ್ಯದರ್ಶಿ ಪಿ. ಸಿ. ಜೋಶಿಯವರಿಗೆ ಕೆಲವು ಪ್ರಶ್ನೆಗಳನ್ನು ಬರೆದು ಕಳಿಸಿದರು. ನಿಮ್ಮ ಪಕ್ಷದ ಹಣದ ಲೆಕ್ಕವು ಸಾರ್ವಜನಿಕರ ಪರೀಕ್ಷೆಗೆ ತೆರೆದಿದೆಯೇ, ಹಾಗಿದ್ದರೆ ನಾನು ನೋಡಬಹುದೇ ಎಂಬದು ಅವುಗಳಲ್ಲಿ ಒಂದು. ಜೋಶಿಯವರು ಸಿಟ್ಟಾಗದೆ ವಿವರವಾಗಿ ಉತ್ತರ ಬರೆದರು. ಆ ಪತ್ರವ್ಯವಹಾರವು ೧೯೪೫ರಲ್ಲಿ ಪುಸ್ತಕವಾಗಿಯೂ ಬಂದಿತು. ಕೇಳುವ ಅಧಿಕಾರವು ಗಾಂಧೀಜಿಯವರಿಗಿತ್ತು. ದಕ್ಷಿಣ ಆಫ್ರಿಕದಲ್ಲಿ ೧೯೦೩ರಲ್ಲಿ ಹುಟ್ಟಿದ ‘ಇಂಡಿಯನ್ ಒಪೀನಿಯನ್’ ಪತ್ರಿಕೆಗೆ ಒಂದು ಕಾಲಕ್ಕೆ ಅವರು ತಿಂಗಳಿಗೆ ೭೫ ಪೌಂಡುಗಳನ್ನು ಕೈಯಿಂದ ಸುರಿದಿದ್ದರು. ಮುಂದೆ ಅದರ ಜಾಹೀರಾತುಗಳನ್ನೂ ತಾವಾಗಿ ನಿಲ್ಲಿಸಿದ್ದರು. ವಿರೋಧಿಯು ಲೆಕ್ಕ ಕೇಳಿದಾಗ ಪುಸ್ತಕ ತೆರೆಯುವ ಧೈರ್ಯವೇ ವಿಜ್ಞಾಪನೆಗೆ ನಿಜವಾದ ಅಲಂಕಾರ. ಇಲ್ಲಿ ಸ್ವಂತದ ಒಂದು ಮಾತು: ಈ ಲೇಖಕನಿಂದ ಪೂರ್ತಿ ವರುಷದ ವರ್ಗಣಿಯನ್ನು ತೆಗೆದುಕೊಂಡು ಮೂರು ಸಂಚಿಕೆಗಳ ತರುವಾಯ ಸದ್ದಿಲ್ಲದೆ ಅಸ್ತಂಗತವಾದ ಪತ್ರಿಕೆಯೊಂದುಂಟು. ಹೆಸರು ಬೇಡ. ಹಣ ಹೋದದ್ದಕ್ಕಿಂತ, ನಿಂತಿತೆಂದು ಒಂದು ಕಾರ್ಡು ಬರೆಯದೆ ಹೋದದ್ದು ಇಂದಿಗೂ ನೋಯುವದು.

ಓದುವವರ ವಂತಿಗೆಯಿಂದ ನಡೆದರೆ ಪತ್ರಿಕೆಯು ಸ್ವತಂತ್ರವಾಗುವದೆಂದು ಸಾಧಾರಣವಾಗಿ ಹೇಳುವರು. ಇದನ್ನು ಪೂರ್ತಿ ಒಪ್ಪಲು ನಮ್ಮಿಂದಾಗದು. ಜಾಹೀರಾತುದಾರನು ಒಡೆಯನಾದಂತೆ ವಂತಿಗೆದಾರನೂ ಒಡೆಯನಾಗಬಲ್ಲನು. ಕೊಡುವವರು ಮುನ್ನೂರು ಜನ, ಮುನ್ನೂರೂ ಜನ ಒಂದೇ ಮತದವರು ಎಂದಿಟ್ಟುಕೊಳ್ಳೋಣ. ಸಂಪಾದಕನು ಅವರಿಗೆ ಅಪ್ರಿಯವಾದದ್ದನ್ನು ಬರೆಯಲು ಹಿಂಜರಿಯುತ್ತಾನೆ. ತನ್ನ ಪಕ್ಷದ ಆಡಳಿತದಲ್ಲಿ ತಪ್ಪು ನಡೆದರೆ ಕಣ್ಣು ಮುಚ್ಚುತ್ತಾನೆ. ಕ್ರಮೇಣ ದನಿಯನ್ನು ಏರಿಸುತ್ತ ಹೋಗುತ್ತಾನೆ, ಯಾಕಂದರೆ ಒಪ್ಪಿದವರನ್ನು ಮತ್ತೆ ಒಪ್ಪಿಸಲು ಕೂಗುವದೊಂದೇ ದಾರಿ. ಅರಸನ ವಂದಿಮಾಗಧರು ಹೋದರು, ಪಂಥದ ವಂದಿಮಾಗಧರು ಬಂದರು. ಎಡಪಂಥದ ಎಷ್ಟೋ ಪತ್ರಿಕೆಗಳ ಬರಹವು ಒಣಗಿದ್ದು ಹಣವಿಲ್ಲದೆ ಅಲ್ಲ, ಭಿನ್ನಮತದ ಓದುಗನಿಲ್ಲದೆ. ಲಂಕೇಶರ ಪತ್ರಿಕೆಯ ಬಲವು ಅವರನ್ನು ಒಪ್ಪದವರೂ 	ಕೊಂಡರೆಂಬಲ್ಲಿತ್ತು.

ಅಲ್ಲಿಗೆ ಈ ಲೇಖದ ಕಠಿಣವಾದ ಪ್ರಶ್ನೆಗೆ ಬಂದೆವು. ಒಪ್ಪದವನು ಕೊಡಬೇಕೇ?

ಪೂರ್ವಪಕ್ಷವು ಬಲವಾಗಿದೆ. ನಮ್ಮ ದೇವರನ್ನು ಕಲ್ಲೆನ್ನುವವರಿಗೆ, ನಮ್ಮ ಆಚಾರವನ್ನು ಶೋಷಣೆಯೆನ್ನುವವರಿಗೆ ನಮ್ಮ ಪಿಂಚಣಿಯ ಹಣವೇಕೆ? ಮನೆಯ ಹಿರಿಯರು ಹೀಗೆ ಕೇಳಿದರೆ ಅವರನ್ನು ಮೂಢರೆನ್ನಲಾಗದು. ಪ್ರತಿಯೊಬ್ಬನೂ ತನ್ನ ಮತದ ಪತ್ರಿಕೆಯನ್ನು ಸಾಕಿಕೊಳ್ಳಲಿ, ಬಾಳುವದು ಬಾಳುವದು, ಸಾಯುವದು ಸಾಯುವದು ಎಂಬದು ಕೇಳಲಿಕ್ಕೆ ನ್ಯಾಯವಾಗಿಯೂ ಇದೆ.

ಸಿದ್ಧಾಂತವನ್ನು ಹೇಳುವ ಮೊದಲು ಚಾರ್ವಾಕನನ್ನು ನೆನೆಯಬೇಕು. ಮಾಧವಾಚಾರ್ಯರ ‘ಸರ್ವದರ್ಶನಸಂಗ್ರಹ’ವು ಆರಂಭವಾಗುವದೇ ಅವನ ಮತದಿಂದ. ಪಾಠಶಾಲೆಯಲ್ಲಿ ನಾವು ಅವನನ್ನು ಹತ್ತು ವಾಕ್ಯಗಳಲ್ಲಿ ಖಂಡಿಸಿ ಮುಂದೆ ಸಾಗುತ್ತಿದ್ದೆವು. ಆದರೆ ಅವನ ಮೂಲಸೂತ್ರಗಳೆಲ್ಲಿ? ಬೃಹಸ್ಪತಿಯವೆಂದು ಹೇಳುವ ಆ ಗ್ರಂಥವು ಉಳಿದುಬಂದಿಲ್ಲ. ಅವನು ಏನು ಹೇಳಿದನೆಂಬದನ್ನು ನಾವು ತಿಳಿಯುವದು ಅವನನ್ನು ಖಂಡಿಸಿದವರ ಬಾಯಿಂದಲೇ. ನೂರಾರು ವರುಷ ನಮ್ಮ ತಾರ್ಕಿಕರು ಪ್ರತಿವಾದಿಯಿಲ್ಲದ ಸಭೆಯಲ್ಲಿ ಗೆಲ್ಲುತ್ತ ಬಂದಿದ್ದಾರೆ. ಅಂಥ ಗೆಲುವಿನ ಬೆಲೆಯನ್ನು ತರ್ಕ ಓದಿದವರಿಗೆ ಹೇಳಬೇಕಾಗಿಲ್ಲ. ಯಾರೂ ಆ ಗ್ರಂಥವನ್ನು ಸುಟ್ಟಿರಬೇಕೆಂದೇನೂ ಇಲ್ಲ. ತಾಳೆಯೋಲೆಯು ಕೆಲವು ತಲೆಮಾರುಗಳಿಗೆ ಜೀರ್ಣವಾಗುವದು. ಪ್ರತಿ ಮಾಡುವ ಲಿಪಿಕಾರನಿಗೆ ಕೂಲಿ ಕೊಡುವವರು ಬೇಕು. ಹತ್ತನೆಯ ಶತಮಾನದಲ್ಲಿ ಅತ್ತಿಮಬ್ಬೆಯು ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು. ಹಾವೇರಿಯಿಂದ ಲಕ್ಕುಂಡಿ ಬಹಳ ದೂರವಿಲ್ಲ. ಅವಳ ಬಸದಿಯನ್ನು ನಮ್ಮ ವಾಚಕರಲ್ಲಿ ಬಹಳ ಜನ ನೋಡಿದ್ದಾರು. ಕನ್ನಡದ ಮೊದಲ ಪ್ರಸಿದ್ಧ ವರ್ಗಣಿದಾರಳು ಅವಳೆಂದರೆ ತಪ್ಪಾಗದು. ಪೊನ್ನನಿಗೆ ಅತ್ತಿಮಬ್ಬೆ ದೊರೆತಳು. ಚಾರ್ವಾಕನಿಗೆ ಯಾರೂ ದೊರೆಯಲಿಲ್ಲ.

ಎದುರು ಮಾತನಾಡುವವರನ್ನು ಉಳಿಸಿಕೊಂಡ ಅಭ್ಯಾಸ ನಮ್ಮ ಸೀಮೆಗಂತೂ ಇದೆ. ರಾಣೇಬೆನ್ನೂರು ತಾಲೂಕಿನ ಚೌಡಯ್ಯದಾನಪುರದ ಅಂಬಿಗರ ಚೌಡಯ್ಯನ ಬಾಯಿ ಎಷ್ಟು ಬಿರುಸೆಂಬದು ವಚನಗಳನ್ನು ಓದಿದವರಿಗೆ ಗೊತ್ತು. ಬ್ಯಾಡಗಿ ತಾಲೂಕಿನ ಕಾಗಿನೆಲೆಯ ಕನಕದಾಸರು ಕುಲದ ಮಾತೆತ್ತಿದವರನ್ನು ಬಿಟ್ಟವರಲ್ಲ. ಬೈಸಿಕೊಂಡವರ ಮೊಮ್ಮಕ್ಕಳೇ ಆ ಓಲೆಗಳನ್ನು ಅಟ್ಟದ ಮೇಲೆ ಕಾಯ್ದಿಟ್ಟರು.

ಇದು ಕೇವಲ ಹಳೆಯ ಓಲೆಗಳ ಮಾತಲ್ಲ. ೨೦೦೮ರ ಜೂನ್ ೧೦ರಂದು ಹಾವೇರಿಯಲ್ಲಿ ಗೊಬ್ಬರಕ್ಕಾಗಿ ಕೂಡಿದ ರೈತರ ಮೇಲೆ ಪೋಲೀಸರ ಗೋಳಿಬಾರಾಗಿ ಇಬ್ಬರು ಸತ್ತರು. ೨೦೨೪ರ ಮಾರ್ಚ್ ೧೧ರಂದು ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ದರ ಒಮ್ಮೆಲೆ ಕುಸಿದದ್ದರಿಂದ ಸಿಟ್ಟಿಗೆದ್ದ ರೈತರು ಮಾರುಕಟ್ಟೆ ಸಮಿತಿಯ ಕಚೇರಿಗೆ ನುಗ್ಗಿ ವಾಹನಗಳಿಗೆ ಬೆಂಕಿ ಹಚ್ಚಿದರು. ಎರಡೂ ಸಾರೆ ನಾಲ್ಕು ದಿನ ರಾಜ್ಯದ ಪತ್ರಿಕೆಗಳೆಲ್ಲ ಬರೆದವು. ಐದನೆಯ ದಿನ ಬೇರೆ ಸುದ್ದಿ. ದರ ಯಾತಕ್ಕೆ ಕುಸಿಯಿತು, ಗೊಬ್ಬರ ಯಾತಕ್ಕೆ ಬರಲಿಲ್ಲ, ಸತ್ತವರ ಮನೆಯಲ್ಲಿ ಆ ವರುಷ ಬಿತ್ತಿದರೇ ಎಂದು ಆರು ತಿಂಗಳು ಬಿಟ್ಟು ಕೇಳುವ ಪತ್ರಿಕೆಗೆ ದಲಾಲಿ ಅಂಗಡಿಯ ಜಾಹೀರಾತೂ ಬರಲಾರದು, ಸರಕಾರದ್ದೂ ಬರಲಾರದು. ಬೆಂಕಿ ಹಚ್ಚಿದ್ದನ್ನು ನಾವು ಸಮರ್ಥಿಸುವದಿಲ್ಲ. ಎಡಪಂಥದ ಪತ್ರಿಕೆಯು ಸಮರ್ಥಿಸಿದರೆ ಅದನ್ನು ಖಂಡಿಸಿ ಬರೆಯುತ್ತೇವೆ; ಆದರೆ ಅದು ಬರೆದರಷ್ಟೇ ಖಂಡಿಸಲಿಕ್ಕೆ ನಮಗೆ ಏನಾದರೂ ಸಿಕ್ಕೀತು. ಪೂರ್ವಪಕ್ಷಿಗೆ ಮಣೆ ಹಾಕದೆ ಸಿದ್ಧಾಂತ ಹೇಳುವ ಪದ್ಧತಿ ನಮ್ಮ ಶಾಸ್ತ್ರಗಳಲ್ಲಿ ಇಲ್ಲ. ಇದೇ ನಮ್ಮ ಸಿದ್ಧಾಂತ.

ಎಷ್ಟು ಕೊಡಬೇಕೆಂಬದು ಸುಲಭದ ಪ್ರಶ್ನೆ. ಒಪ್ಪುವವನು ವಂತಿಗೆ ಕೊಡಲಿ. ಒಪ್ಪದವನು ವರ್ಗಣಿಯನ್ನಷ್ಟೇ ಕೊಡಲಿ, ಅದಕ್ಕಿಂತ ಒಂದು ಕಾಸೂ ಹೆಚ್ಚು ಬೇಡ. ವರ್ಗಣಿಯಲ್ಲಿ ಓದುವ ಹಕ್ಕೂ ಬೈಯುವ ಹಕ್ಕೂ ಸೇರಿರುತ್ತವೆ. ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಗಳಲ್ಲಿ ಇಂಥ ಪತ್ರಿಕೆಯ ಒಂದೇ ಪ್ರತಿಯು ಕ್ಷೌರದ ಅಂಗಡಿಯಿಂದ ವಕೀಲರ ಮನೆಗೆ, ಅಲ್ಲಿಂದ ಮಾಸ್ತರರ ಮನೆಗೆ ಹೋಗಿ, ಕಡೆಗೆ ಚುರುಮುರಿಯ ಪೊಟ್ಟಣವಾಗುವದನ್ನು ನಾವು ಕಂಡಿದ್ದೇವೆ. ಹತ್ತು ಮನೆಗಳು ಓದಿ ಒಂದು ಮನೆ ಕೊಡುವ ಈ ಮಿತವ್ಯಯಕ್ಕೆ ನಾವೇ ಮೆಚ್ಚಿಕೊಳ್ಳಬೇಕು. ಎರಡು ಮನೆಯವರು ಕೂಡಿ ಒಂದು ವರ್ಗಣಿ ಹಾಕಿದರೂ ನಡೆದೀತು. ಹಣವನ್ನು ಮೊಬೈಲಿನಿಂದ ಕಳಿಸಲಿ, ಮನಿಯಾರ್ಡರಿನಿಂದ ಕಳಿಸಲಿ, ಜೊತೆಗೆ ಒಂದು ಚೀಟಿಯಲ್ಲಿ ಕಳೆದ ವರುಷ ಎಷ್ಟು ಪ್ರತಿಗಳನ್ನು ಅಚ್ಚು ಹಾಕಿದಿರಿ, ಮುದ್ರಕನ ಬಾಕಿ ಎಷ್ಟಿದೆ ಎಂದು ಎರಡೇ ಪ್ರಶ್ನೆಗಳನ್ನು ಬರೆದು ಕೇಳಲಿ. ಯಾವ ಸಂಪಾದಕರಿಂದಲಾದರೂ ಉತ್ತರ ಬಂದರೆ ಅದನ್ನು ಇದೇ ಪುಟಗಳಲ್ಲಿ ಅಚ್ಚು ಹಾಕಲು ನಮ್ಮ ಸಂಘದ ಸಂಪಾದಕರು ಒಪ್ಪಿದ್ದಾರೆ. ಈ ಮಾಸಪತ್ರಿಕೆಯ ಲೆಕ್ಕವನ್ನೂ ಅದರ ಪಕ್ಕದಲ್ಲಿಯೇ ಹಾಕಬೇಕೆಂದು ಅವರಲ್ಲಿ ಕೇಳಿಕೊಂಡಿದ್ದೇವೆ.